ಒಪ್ಪತ್ತಿನ ಗುಂಡಿ

ಈ ಬಲಗೈ ತೋರುಬೆರಳು ಇದೆಯಲ್ಲ, ಇದೊಂದರಿಂದಲೇ ಹಸಿವನ್ನು ಭೂಮಿಯ ಮೇಲಿಂದ ಅಳಿಸಿ ಹಾಕಿದವನು ನಾನು. ನಂಬದಿದ್ದರೆ ಬಿಡಿ. ಹನ್ನೆರಡು ದೇಶದ ರಾಯಭಾರಿಗಳು ಬೆಟಗೇರಿಯ ನಮ್ಮ ಓಣಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಈ ಬೆರಳು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಿದ್ದಾರೆ. ಅವರಲ್ಲೊಬ್ಬ ಉಗುರಿನ ಚೂರಾದರೂ ಕೊಡಿ, ನಮ್ಮ ದೇಶದ ವಸ್ತುಸಂಗ್ರಹಾಲಯದಲ್ಲಿ ಇಡುತ್ತೇವೆ ಎಂದು ಕಾಲಿಗೆ ಬಿದ್ದ. ಕೊಡಲಿಲ್ಲ. ನಾಳೆ ಹಸಿವು ಮತ್ತೆ ಬಂದರೆ ಬೆರಳು ಪೂರ್ತಿ ಬೇಕಾಗುತ್ತದೆ.

ನನ್ನ ಹೆಸರು ಫಕ್ಕೀರಪ್ಪ ಬೂದಿಹಾಳ. ಅನ್ನವಾಣಿ ಯಂತ್ರದ ಜನಕ. ಜನಕ ಎಂದರೆ ಜನಕನೇ, ಉಳಿದವರೆಲ್ಲ ಸೂಲಗಿತ್ತಿಯರು.

ಅನ್ನವಾಣಿ ಈಗ ನಿಮ್ಮ ಮನೆಯಲ್ಲೂ ಇದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಅಂಗೈಯಗಲದ ಬಿಳಿ ಪೆಟ್ಟಿಗೆ. ಮಧ್ಯಾಹ್ನ ಎರಡಕ್ಕೆ ಅದು ಮನೆಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳುತ್ತದೆ: "ಊಟ ಆತೇನಪಾ? ಊಟ ಆತೇನವಾ?" ನೀವು "ಆತು" ಎನ್ನುತ್ತೀರಿ. ಮುಗಿಯಿತು. ನೀವು ಸುಳ್ಳು ಹೇಳಿದ್ದರೆ ಹತ್ತು ನಿಮಿಷದಲ್ಲಿ ಅನ್ನದ ಗಾಡಿ ಬಾಗಿಲಿಗೆ ಬರುತ್ತದೆ, ಆಗೆಲ್ಲ ಗಂಟೆ ಬಾರಿಸುತ್ತ ಬರುತ್ತಿತ್ತು. ಎರಡು ರೊಟ್ಟಿ, ಪಲ್ಯ, ಅನ್ನ, ಸಾರು. ಯಾರೂ ಅರ್ಜಿ ಹಾಕಬೇಕಾಗಿಲ್ಲ, ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಸುಳ್ಳು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೀರಿ. ಅದನ್ನು ಹೇಳುವ ಮೊದಲು ಮೊದಲನೆಯ ಯಂತ್ರ ಕಂಡ ಗತಿಯನ್ನು ಹೇಳಬೇಕು.

ಮೊದಲನೆಯ ಯಂತ್ರ ಬರೀ ಮಾತು ಕೇಳುತ್ತಿತ್ತು. ಅದೂ ರಾಜಧಾನಿಯಲ್ಲಿ ಯಾರೋ ಓದಿಕೊಟ್ಟ ಕನ್ನಡದಲ್ಲಿ: "ಮಾನ್ಯರೇ, ತಮ್ಮ ಭೋಜನವಾಯಿತೇ?" ನಮ್ಮ ಜಿಲ್ಲೆಯ ಎರಡು ಲಕ್ಷ ಮನೆಗಳಲ್ಲಿ ಒಂದೇ ದಿನ ಕೇಳಿತು. ಎರಡು ಲಕ್ಷ ಮನೆಗಳೂ "ಆತ್ರಿ" ಎಂದವು. ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ ಮೂಡಿತು: ಹಸಿದವರು, ಸೊನ್ನೆ. ಸಚಿವರು ಪೇಢೆ ಹಂಚಿದರು. ನಾನು ಏಳು ತಿಂದೆ.

ಡಾಕ್ಟರ್ ರುಕ್ಸಾನಾ ಸವಣೂರ ಒಂದೂ ಮುಟ್ಟಲಿಲ್ಲ. ಅವರು ನಮ್ಮ ಕೇಂದ್ರದ ಮುಖ್ಯಸ್ಥೆ, ಧ್ವನಿವಿಜ್ಞಾನದಲ್ಲಿ ದೊಡ್ಡ ಹೆಸರು. ಕೈಕಟ್ಟಿಕೊಂಡು ಆ ಸೊನ್ನೆಯನ್ನೇ ನೋಡುತ್ತ ನಿಂತಿದ್ದರು.

"ಫಕ್ಕೀರಪ್ಪ, ನಮ್ಮ ಮಂದಿಗೆ 'ಊಟ ಆತೇನು' ಅಂದ್ರ 'ಆತು' ಅನ್ನೂದು ಉತ್ತರ ಅಲ್ಲ. ನಮಸ್ಕಾರಕ್ಕ ನಮಸ್ಕಾರ ಅಂದಂಗ ಅದು. ಮೂರು ದಿನದಿಂದ ಉಣ್ಣದಾವ್ನೂ 'ಆತು' ಅಂತಾನ."

"ಹಂಗಾರ ಮಾತ ಬಿಟ್ಟ ಗಂಟಲಾ ಕೇಳೂಣ್ರಿ ಮೇಡಂ," ಎಂದೆ ನಾನು. ಹೌದು, ಆ ಐತಿಹಾಸಿಕ ಮಾತು ನನ್ನದೇ. ಅಲ್ಲಿ ಬೇರೆ ಯಾರೂ ಇರಲಿಲ್ಲ, ಸಾಕ್ಷಿ ಕೇಳಬೇಡಿ.

ಆರು ತಿಂಗಳು ಪ್ರಯೋಗಾಲಯದಲ್ಲಿ ಒಂದೇ ಒಂದು ಶಬ್ದ ಕೇಳಿದೆವು. ಆತು, ಆತು, ಆತು. ಹೊಟ್ಟೆ ಬರಿದಾದಾಗ ಬಾಯಿಯ ಪಸೆ ಆರುತ್ತದೆ, ಧ್ವನಿತಂತುಗಳು ಒಣಗುತ್ತವೆ, ಉಸಿರನ್ನು ಕೊನೆಯವರೆಗೆ ಎಳೆಯಲು ತ್ರಾಣ ಸಾಲುವುದಿಲ್ಲ. ಉಂಡವನ "ಆತೂ" ಉದ್ದ, ಜೋಲಿಯ ಹಾಗೆ ತೂಗಿ ನಿಲ್ಲುತ್ತದೆ. ಹಸಿದವನ "ಆತು" ಗಿಡ್ಡ, ಬಾಗಿಲು ಮುಚ್ಚಿದ ಹಾಗೆ. ವ್ಯತ್ಯಾಸ ಒಂದು ಕ್ಷಣದ ಹತ್ತರಲ್ಲೊಂದು ಪಾಲೂ ಅಲ್ಲ, ಆದರೆ ಯಂತ್ರಕ್ಕೆ ಅಷ್ಟು ಸಾಕು.

"ಒಂದ ಕೊರತಿ ಉಳೀತು," ಎಂದರು ಡಾಕ್ಟರ್, ಕಿವಿಯ ಮೇಲಿನ ಯಂತ್ರ ಕೆಳಗಿಡುತ್ತ. "ನಾಚಿಕಿ ಪಟ್ಟಾವ್ರ 'ಆತು' ಸುದ್ದಾ ಇಷ್ಟ ಗಿಡ್ಡ ಬರ್ತೈತಿ. ಹಸಿವು, ನಾಚಿಕಿ ಎರಡೂ ಗಂಟಲದಾಗ ಒಂದ ಕಡೆ ಕುಂಡ್ರತಾವ. ಬ್ಯಾರೆ ಮಾಡಾಕ ನನಗ ಆಗಲಿಲ್ಲ."

"ಬಿಡ್ರಿ ಮೇಡಂ," ಎಂದೆ. "ಈಗಿನ ಕಾಲದಾಗ ನಾಚಿಕಿ ಯಾರಿಗೈತಿ?"

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಇನ್ನು ಉಳಿದದ್ದು ಕೇಳುವ ಧ್ವನಿ. "ಭೋಜನವಾಯಿತೇ" ಎನ್ನುವವಳಿಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ. "ಅಂಥಾ ಧ್ವನಿ ಜಗತ್ತಿನ್ಯಾಗ ಒಂದ ಐತ್ರಿ, ಅದೂ ನಮ್ಮ ಓಣ್ಯಾಗ," ಎಂದು ಡಾಕ್ಟರನ್ನು ಬಸಲಿಂಗವ್ವನ ಖಾನಾವಳಿಗೆ ಕರೆದುಕೊಂಡು ಹೋದೆ. ಇದು ಮಾತ್ರ ನಿಜ. ಹಾಗಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಬಸಲಿಂಗವ್ವನಿಗೆ ಆಗ ಅರವತ್ತೆಂಟು. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಒಬ್ಬಳೇ ನಡೆಸಿದ ಖಾನಾವಳಿ. ಅವಳು ದಿನಕ್ಕೆ ಹತ್ತು ಸಾವಿರ ರೊಟ್ಟಿ ಬಡಿಯುತ್ತಿದ್ದಳು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇನ್ನೂರು ಎನ್ನಿ. ಅದರಲ್ಲಿ ನಲವತ್ತು ಐವತ್ತು ಕೊಡಲಾರದವರಿಗೆ ಹೋಗುತ್ತಿದ್ದವು. ನನಗೂ ಹೋಗಿವೆ. ಅಪ್ಪನಿಗೆ ಮಗ್ಗದಲ್ಲಿ ಕೆಲಸ ಇಲ್ಲದ ವರ್ಷ, ಶಾಲೆ ಬಿಟ್ಟು ಬರುವಾಗ ಅವಳು ಒಲೆ ಮುಂದಿನಿಂದಲೇ ಕೂಗುತ್ತಿದ್ದಳು: "ಫಕ್ಕೀರಾ, ಊಟ ಆತೇನಪಾ?" ನಾನು "ಆತು" ಎನ್ನುತ್ತಿದ್ದೆ. ಅವಳು ತಾಟು ಹಾಕುತ್ತಿದ್ದಳು. ಯಂತ್ರ ಹೊಸದೇನೂ ಕಂಡುಹಿಡಿಯಲಿಲ್ಲ ನೋಡಿ.

ಡಾಕ್ಟರ್ ನೆಲದ ಮೇಲೆ ಮಣೆ ಎಳೆದುಕೊಂಡು ಅವಳ ಎದುರು ಕುಳಿತರು. "ಅವ್ವಾರ, ದಿನಾ ಎಷ್ಟ ಮಂದಿಗೆ ಪುಕ್ಕಟೆ ಉಣಸ್ತೀರಿ?"

"ಅದನ್ನ ಎಣಸಬಾರದವಾ." ಬಸಲಿಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಣಿಸಿದ್ರ ಯಾಪಾರ ಆಕ್ಕೈತಿ. ದಾಸೋಹ ಅಂತ ನಮ್ಮಪ್ಪ ಕಲಿಸಿಕೊಟ್ಟಾನ. ಬಾಗಲಿಗೆ ಬಂದಾವ್ನ ಹಸಕೊಂಡ ಕಳಸಬಾರದು. ಅದು ನನ್ನ ಧರ್ಮ."

"ಬಾಗಲಿಗೆ ಬರದಾವ?"

ರೊಟ್ಟಿಯ ಮೇಲಿನ ಕೈ ನಿಂತಿತು.

"ನಮ್ಮಪ್ಪ ಸತ್ತ ವರ್ಷ," ಎಂದರು ಡಾಕ್ಟರ್, "ನಮ್ಮವ್ವ ಎಂಟ ತಿಂಗಳ ಬಾಗಲಾ ಹಾಕ್ಕೊಂಡ ಇದ್ಲು. ಓಣ್ಯಾಗ ಜಕಾತ ಅಂತ ದಾನ ಕೊಡೋ ಮಂದಿ ಇದ್ರು, ಒಳ್ಳೇವ್ರ. ಬಂದ ಕೇಳಿದ್ರ 'ನಮ್ಮದು ನಡದೈತಿ' ಅಂತಿದ್ಲು. ಅವ್ರು ನಂಬಿ ಹೋಗ್ತಿದ್ರು. ಕೊಡೋವ್ರ ಮನಸು ಬಂದಾಗ ಹಸಿವು ಬರೂದಿಲ್ಲರಿ, ಹಸಿವು ಬಂದಾಗ ಅವ್ರ ಮನಸು ಇರೂದಿಲ್ಲ. ಅದಕ್ಕ ಇದು ಸರ್ಕಾರದ ಕೆಲಸ. ಹಕ್ಕು ಅಂದ್ರ ಯಾರ ಮುಂದೂ ತಲಿ ತಗ್ಗಸೂದು ಬ್ಯಾಡ."

ಬಸಲಿಂಗವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. ಮಗುಚಿ ಹಾಕಿದಳು.

"ನೀ ಹೇಳೂದು ಖರೇ ಐತಿ," ಎಂದಳು ಕೊನೆಗೆ. "ಬರದಾವ್ರನ್ನ ನಾ ನೋಡೇ ಇಲ್ಲ. ಆದ್ರ ಸರ್ಕಾರ ತಾಟ ಇಟ್ಟ ಹೋಗ್ತೈತಿ. ಉಣ್ಣಾಗ ಮಾರಿ ನೋಡಾವ್ರು ಯಾರು? ಇನ್ನೊಂದ ರೊಟ್ಟಿ ಹಾಕ್ಲೇನು ಅನ್ನಾವ್ರು ಯಾರು?"

 ಇದಕ್ಕೆ ಉತ್ತರ ಇದ್ದದ್ದು ನನ್ನೊಬ್ಬನ ಬಳಿ, ನನ್ನ ಬಳಿ ಯಾವಾಗಲೂ ಇರುತ್ತದೆ. ಡಾಕ್ಟರ್ ಕೈತೊಳೆಯಲು ಹಿತ್ತಲಿಗೆ ಹೋದ ಕೂಡಲೇ ನಾನು ಬಗ್ಗಿ ಹೇಳಿದೆ: "ನಾ ಅದೀನಲ್ಲವ್ವಾ! ಗಾಡಿಗೆ ಹೋಗೋ ಊಟ ಎಲ್ಲಾ ನಿನ್ನ ಖಾನಾವಳೀದ. ನಿನ್ನ ಧ್ವನಿ, ನಿನ್ನ ರೊಟ್ಟಿ. ಮಂತ್ರಿಗೆ ನಾ ಹೇಳಿದ್ದ ಮಾತು. ಒಂದ ಸಹಿ ಬಾಕಿ ಐತಿ, ಅಷ್ಟ."

"ಖರೇನೇನೋ ಫಕ್ಕೀರಾ?"

"ಈ ಬೆರಳಾಣಿ!"

ಅವಳು ನಂಬಿದಳು. ಧ್ವನಿ ಕೊಡಲು ಒಪ್ಪಿದಳು. ಮರುದಿನ ಪ್ರಯೋಗಾಲಯದ ಗಾಜಿನ ಕೋಣೆಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, "ಊಟ ಆತೇನಪಾ? ಊಟ ಆತೇನವಾ?" ಎಂದು ನೂರು ಸಲ ಹೇಳಿದಳು. ಹೊರಗೆ ಬಂದವಳು ಡಾಕ್ಟರ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ನನ್ನ ಧ್ವನಿ ತಗೊಂಡೀರಿ. ಕೇಳಿದ ಮ್ಯಾಲ ನೀಡದ ಹೋಗಬ್ಯಾಡ್ರಿ. 'ಊಟ ಆತೇನು' ಅನ್ನೂದು ಬರೇ ಮಾತಲ್ಲ, ಕೈಯಾಗಿನ ರೊಟ್ಟಿ ಅದು."

ಆಮೇಲೆ ಅವಳು ಕೈಯ ಬಂಗಾರದ ಪಾಟ್ಲಿ ಮಾರಿ ಖಾನಾವಳಿಯಲ್ಲಿ ಹೊಸದಾಗಿ ನಾಲ್ಕು ಒಲೆ ಹಾಕಿಸಿದಳು. ಗಾಡಿಯ ಊಟಕ್ಕೆ ಬೇಕಾಗುತ್ತದಲ್ಲ. ಇದನ್ನು ನಾನು ಈಗಲೇ ಹೇಳಬಾರದಿತ್ತು. ಇರಲಿ.

ಯಂತ್ರ ಗೆದ್ದಿತು. ಜಗತ್ತು ನಡುಗಿತು ಎಂದರೆ ಅತಿಯಾಗುತ್ತದೆ, ಜಿಲ್ಲೆ ನಡುಗಿತು. ಮೊದಲ ದಿನವೇ ಒಂಬತ್ತು ಸಾವಿರ ಗಿಡ್ಡ "ಆತು"ಗಳು ಸಿಕ್ಕವು. ಯಾವ ದಾನಿಯೂ ಯಾವ ಗುಡಿಯೂ ಯಾವ ದರ್ಗಾವೂ ಕಾಣದ ಮನೆಗಳು. ಗಾಡಿ ಹೋದಾಗ ಬಾಗಿಲು ತೆರೆದವರ ಮುಖಗಳನ್ನು ಡಾಕ್ಟರ್ ಪರದೆಯ ಮೇಲೆ ನೋಡುತ್ತ ಕುಳಿತಿದ್ದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಲಿಲ್ಲ ಎಂದೇ ಇಟ್ಟುಕೊಳ್ಳಿ.

ತೊಂದರೆ ಶುರುವಾದದ್ದು ಏಕಾದಶಿಯಂದು. ಉಪವಾಸದ ಆಚಾರ್ಯರು "ಆತಪ್ಪ" ಎಂದು ಬಾಯಿಮಾತಿಗೆ ಅಂದರು, ಗಿಡ್ಡ ಬಂತು, ಗಾಡಿ ಬಂತು. ಆಚಾರ್ಯರು ಮಡಿಯಲ್ಲಿ ಮುಂದೆ, ಗಾಡಿ ನಡೆಸುವ ಯಮನೂರವ್ವ ತಾಟು ಹಿಡಿದು ಹಿಂದೆ, ಗುಡಿ ಸುತ್ತ ಮೂರು ಪ್ರದಕ್ಷಿಣೆ. ಸೋಮವಾರದ ಒಪ್ಪತ್ತಿನವರು, ಗುರುವಾರದ ಒಪ್ಪತ್ತಿನವರು, ರೋಜಾ ಹಿಡಿದವರು, ಎಲ್ಲರ ಬಾಗಿಲಲ್ಲೂ ಗಂಟೆ. ದೇವರಿಗಾಗಿ ಹಸಿದವನ ಗಂಟಲೂ ದಿಕ್ಕಿಲ್ಲದೆ ಹಸಿದವನ ಗಂಟಲೂ ಯಂತ್ರಕ್ಕೆ ಒಂದೇ.

ಆಗ ಹೊಸ ನಿಯಮ ಬಂತು. ಪೆಟ್ಟಿಗೆ ಕೇಳಿದಾಗ "ಒಪ್ಪತ್ತು" ಅಥವಾ "ರೋಜಾ" ಎಂದರೆ ಸಾಕು, ಗಾಡಿ ಬರುವುದಿಲ್ಲ. ಸರ್ಕಾರ ಯಾರ ವ್ರತದಲ್ಲೂ ಕೈ ಹಾಕಬಾರದಲ್ಲ. ಆದರೆ ಡಾಕ್ಟರ್ ಅದಕ್ಕೊಂದು ಗಂಟು ಹಾಕಿದರು. ರಮಜಾನ್, ಶ್ರಾವಣದಂಥ ತಿಂಗಳು ಬಿಟ್ಟು, ಬೇರೆ ಯಾವಾಗಲಾದರೂ ಒಬ್ಬರು ಸತತ ಹನ್ನೊಂದು ದಿನ ಒಪ್ಪತ್ತು ಎಂದರೆ ನಿಯಂತ್ರಣ ಕೊಠಡಿಯಲ್ಲಿ ಹಳದಿ ದೀಪ ಹತ್ತಬೇಕು. ಒಬ್ಬ ಮನುಷ್ಯ ಆ ಮನೆಗೆ ಹೋಗಿ ಬಂದು "ಖುದ್ದು ನೋಡಿದೆ" ಎಂಬ ಗುಂಡಿ ಒತ್ತಬೇಕು. ಒತ್ತಿದರೆ ದೀಪ ಆರಿ ಮತ್ತೆ ಹನ್ನೊಂದು ದಿನದ ಎಣಿಕೆ.

"ಯಂತ್ರ ಕೇಳಬಹುದು," ಎಂದರು. "ನೋಡಾಕ ಮನಷ್ಯಾನ ಬೇಕು."

ಆ ಮಹತ್ತರ ಜವಾಬ್ದಾರಿಯನ್ನು ಇಡೀ ರಾಜ್ಯದಲ್ಲಿ ಹುಡುಕಿ ಹುಡುಕಿ ನನಗೇ ವಹಿಸಿದರು.

ಇತ್ತ ಓಣಿ ಬದಲಾಗುತ್ತಿತ್ತು. ನನ್ನ ಹೆಂಡತಿ ಕಸ್ತೂರಿ ಮೊದಲು ಪುಂಡಿಪಲ್ಯ ಮಾಡಿದರೆ ಒಂದು ಬಟ್ಟಲು ಪಕ್ಕದ ಮನೆಗೆ, ಒಂದು ಬಟ್ಟಲು ಎದುರಿನ ಮನೆಗೆ ಕಳಿಸುತ್ತಿದ್ದವಳು. ಒಂದು ದಿನ ಬಟ್ಟಲು ಕೈಯಲ್ಲಿ ಹಿಡಿದು ಬಾಗಿಲವರೆಗೆ ಹೋಗಿ ತಿರುಗಿ ಬಂದಳು.

"ಯಾಕ?" ಎಂದೆ.

"ಗಾಡಿ ಬರ್ತೈತಲ್ಲ ಬಿಡ್ರಿ. ನಾ ಒಯ್ದ ಕೊಟ್ರ, ನಿಮ್ಮ ಮನ್ಯಾಗ ಇಲ್ಲಂತ ಹೇಳಿದಂಗ ಆಕ್ಕೈತಿ."

ಮಠದವರು ಪ್ರಸಾದದ ಪಂಕ್ತಿಯನ್ನು ವಾರಕ್ಕೊಂದು ದಿನಕ್ಕೆ ಇಳಿಸಿದರು. ಮಸೀದಿಯ ಮುಂದೆ ಶುಕ್ರವಾರ ಕೂರುತ್ತಿದ್ದವರಿಗೆ "ಸರ್ಕಾರದ ಪೆಟ್ಟಿಗಿ ಐತಲ್ಲ" ಎಂದು ಒಳ್ಳೆಯವರೇ ಹೇಳಿದರು. ಗಾಡಿಗೆ ಗಂಟೆ ಯಾಕೆ ಎಂದು ಕೇಳಿದರೆ ಇಲಾಖೆಯವರು "ಪಾರದರ್ಶಕತೆ" ಎನ್ನುತ್ತಿದ್ದರು, ಗಾಡಿ ಬರಲೇ ಇಲ್ಲ ಎಂದು ನಾಳೆ ಯಾರೂ ಹೇಳಬಾರದಂತೆ. ಗಂಟೆ ಕೇಳಿದರೆ ಓಣಿಯ ಕಿಟಕಿಗಳೆಲ್ಲ ತೆರೆಯುತ್ತಿದ್ದವು. ತೆರೆದು, ಯಾರ ಮನೆ ಎಂದು ನೋಡಿ, ಮುಚ್ಚುತ್ತಿದ್ದವು.

ಬಸಲಿಂಗವ್ವನ ಖಾನಾವಳಿಯನ್ನು ಮೊದಲು ಬಿಟ್ಟುಹೋದವರು ಪುಕ್ಕಟೆ ಉಣ್ಣುವವರು. ಅದಕ್ಕೆ ಅವಳು ಬೇಸರಪಡಲಿಲ್ಲ, "ಚಲೋ ಆತು" ಎಂದಳಂತೆ. ಆಮೇಲೆ ಅರ್ಧ ಕೊಡುವವರು ಹೋದರು. ಆಮೇಲೆ ಪೂರ್ತಿ ಕೊಡುವ ಮಗ್ಗದ ಮಂದಿಯೂ ಎರಡರ ತನಕ ಹೊಟ್ಟೆ ಕಟ್ಟಿ ಕುಳಿತು ಗಾಡಿ ತರಿಸಿಕೊಳ್ಳುವುದನ್ನು ಕಲಿತರು. ಗಾಡಿಯ ಊಟದ ಕೆಲಸ ಎಲ್ಲೋ ಊರಾಚೆಯ ದೊಡ್ಡ ಅಡುಗೆಶಾಲೆಗೆ ಹೋಯಿತು, ಅಲ್ಲಿ ಯಂತ್ರ ರೊಟ್ಟಿ ಬಡಿಯುತ್ತದೆ. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಂತ್ರಿಯನ್ನು ನಾನು ನೋಡಿದ್ದು ಪೇಢೆ ಹಂಚಿದ ದಿನ ಒಮ್ಮೆ, ಅವರ ಬೆನ್ನನ್ನು.

ಬಸಲಿಂಗವ್ವ ಎರಡು ಸಲ ದಾರಿಯಲ್ಲಿ ಕೇಳಿದಳು: "ಸಹಿ ಆತೇನಪಾ ಫಕ್ಕೀರಾ?"

"ಆಕ್ಕೈತವ್ವಾ, ಇವತ್ತೋ ನಾಳೀಗೋ."

ಮೂರನೆಯ ಸಲ ಕೇಳಲು ಅವಳಿಗೆ ಅವಕಾಶ ಕೊಡಲಿಲ್ಲ. ಆಫೀಸಿಗೆ ಅವಳ ಬಾಗಿಲ ಮುಂದಿನ ದಾರಿ ಬಿಟ್ಟು ಕೆರೆಯ ಕಡೆಯ ಸುತ್ತುದಾರಿ ಹಿಡಿದೆ. ಆರೋಗ್ಯಕ್ಕೆ ನಡಿಗೆ ಒಳ್ಳೆಯದು ಎಂದು ಕಸ್ತೂರಿಗೆ ಹೇಳಿದೆ. ದಿನಕ್ಕೆ ನಲವತ್ತು ಮೈಲಿ ನಡೆಯುತ್ತೇನೆ ಎಂದೂ ಹೇಳಿದೆ.

ಖಾನಾವಳಿ ಮುಚ್ಚಿ ಅದರ ಹಲಗೆ ಇಳಿಸಿದರೆಂದು ಗೊತ್ತಾದದ್ದು ಬೇರೆಯವರ ಬಾಯಿಂದ.

ಅದಾದ ಕೆಲವು ವಾರಕ್ಕೆ, ನಿಯಂತ್ರಣ ಕೊಠಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ನನ್ನ ಪರದೆಯ ಮೇಲೆ ಹಳದಿ ದೀಪ ಹತ್ತಿತು. ಬಸಲಿಂಗವ್ವ, ಬೆಟಗೇರಿ. ಒಪ್ಪತ್ತು. ಹನ್ನೊಂದನೆಯ ದಿನ.

ನಾನು ಆ ಸಾಲನ್ನು ಒತ್ತಿ ಧ್ವನಿ ಕೇಳಿಸಿಕೊಂಡೆ. ಮೊದಲು ಪೆಟ್ಟಿಗೆಯ ಧ್ವನಿ: "ಊಟ ಆತೇನವಾ?" ಆಮೇಲೆ ಉತ್ತರ: "ಒಪ್ಪತ್ತೈತಿ." ಎರಡೂ ಒಬ್ಬಳದೇ ಧ್ವನಿ. ತುಂಬಿದ ಒಲೆಯ ಮುಂದಿನ ಬಸಲಿಂಗವ್ವ ಕೇಳುತ್ತಿದ್ದಳು, ಆರಿದ ಒಲೆಯ ಮುಂದಿನ ಬಸಲಿಂಗವ್ವ ಹೇಳುತ್ತಿದ್ದಳು.

ಹೋಗಬೇಕಿತ್ತು. ನಮ್ಮ ಮನೆಯಿಂದ ಎಂಬತ್ತು ಹೆಜ್ಜೆ. ಹೋದರೆ ಅವಳು ಸಹಿ ಕೇಳುತ್ತಾಳೆ. ಕೇಳದಿದ್ದರೆ ಇನ್ನೂ ಕಷ್ಟ. ಸಂಜೆ ನೋಡಿದರಾಯಿತು ಎಂದು ಗುಂಡಿ ಒತ್ತಿದೆ. ಖುದ್ದು ನೋಡಿದೆ. ದೀಪ ಆರಿತು. ಸಂಜೆ ಮನೆಗೆ ಬಂದವನು ಕೈಕಾಲು ತೊಳೆದು ಊಟಕ್ಕೆ ಕುಳಿತೆ.

ಇಪ್ಪತ್ತೆರಡನೆಯ ದಿನ ಮತ್ತೆ ಹತ್ತಿತು. ಮೂವತ್ತಮೂರು. ನಲವತ್ತನಾಲ್ಕು. ಆ ದಿನಗಳಲ್ಲಿ ನನ್ನ ತಲೆ ಹೇಗೆ ಓಡುತ್ತಿತ್ತು ಎಂದು ಈಗ ಯೋಚಿಸಿದರೆ ಮೈ ಹಿಡಿಯಷ್ಟಾಗುತ್ತದೆ. ಆಫೀಸಿನಲ್ಲಿ ಕುಳಿತಾಗ ನಾನು ಸರ್ಕಾರ. ಆಗ ಅನಿಸುತ್ತಿತ್ತು, ವ್ರತ ಅವರವರ ಧರ್ಮ, ಅಷ್ಟು ಕಷ್ಟ ಇದ್ದರೆ ಓಣಿಯವರು ನೋಡಿಕೊಳ್ಳುತ್ತಾರೆ. ಮನೆಗೆ ಬಂದಾಗ ನಾನು ಓಣಿಯವನು. ಆಗ ಅನಿಸುತ್ತಿತ್ತು, ಅಷ್ಟು ಕಷ್ಟ ಇದ್ದರೆ ಸರ್ಕಾರ ನೋಡಿಕೊಳ್ಳುತ್ತದೆ, ಪೆಟ್ಟಿಗೆ ಇದೆಯಲ್ಲ. ಕೆರೆಯ ಸುತ್ತುದಾರಿಯಲ್ಲಿ ನಾನು ದಿನಾ ಒಬ್ಬನಾಗಿ ಹೊರಟು ಇನ್ನೊಬ್ಬನಾಗಿ ಮುಟ್ಟುತ್ತಿದ್ದೆ. ಇಬ್ಬರಲ್ಲಿ ಒಬ್ಬನೂ ಅವಳ ಬಾಗಿಲಿಗೆ ಹೋಗಲಿಲ್ಲ.

ನಲವತ್ತನಾಲ್ಕನೆಯ ದಿನ ಡಾಕ್ಟರ್ ನನ್ನ ಬೆನ್ನ ಹಿಂದೆ ನಿಂತಿದ್ದರು.

"ಇದು ಆ ಖಾನಾವಳಿ ಅವ್ವ ಅಲ್ಲೇನು? ನಾಕನೇ ಸಲ ದೀಪ ಹತ್ತೈತಿ. ನೋಡಿದ್ರೇನು ಫಕ್ಕೀರಪ್ಪ?"

"ಕಣ್ಣಾರೆ ನೋಡಿನ್ರಿ ಮೇಡಂ! ಹೋಳಿಗಿ ಮಾಡಾಕ ಹತ್ತಿದ್ಲು. ತುಪ್ಪ ಧಾರಾಕಾರ ಸುರೀತಿತ್ತು. ಒಪ್ಪತ್ತು ಅಂದ್ರ ಆ ಒಂದ ಹೊತ್ತಿನ್ಯಾಗ ನಾಕ ಮಂದಿ ಊಟ ಮಾಡ್ತಾಳ. ನನಗೂ ಎರಡ ಕಟ್ಟಿ ಕೊಟ್ಲು."

ಅವರು ನಕ್ಕು ಮುಂದೆ ಹೋದರು. ನಾನು ಒತ್ತಿದೆ.

ಅದಾದ ಮೂರನೆಯ ದಿನ ಮಧ್ಯಾಹ್ನ ಕಸ್ತೂರಿ, ಎಂದೋ ತಂದಿದ್ದ ರೊಟ್ಟಿ ಹಂಚು ಹಿಂದಿರುಗಿಸಲು ಬಸಲಿಂಗವ್ವನ ಮನೆಗೆ ಹೋದಳು. ಬಾಗಿಲು ದೂಡಿದರೆ ತೆರೆಯಿತು. ಖಾನಾವಳಿಯ ನೆಲ ಸಾರಿಸಿ ಚೊಕ್ಕ ಇತ್ತು. ನಾಲ್ಕು ಹೊಸ ಒಲೆ, ಒಂದಕ್ಕೂ ಮಸಿ ಹತ್ತಿರಲಿಲ್ಲ. ಅವುಗಳ ಪಕ್ಕದಲ್ಲಿ, ಗೋಡೆಗೆ ತಲೆ ಕೊಟ್ಟು ಬಸಲಿಂಗವ್ವ ಬಿದ್ದಿದ್ದಳು. ಗೋಡೆಯ ಮೇಲಿನ ಪೆಟ್ಟಿಗೆ ಅವಳದೇ ಧ್ವನಿಯಲ್ಲಿ ಕೇಳುತ್ತಿತ್ತು: "ಊಟ ಆತೇನವಾ? ಊಟ ಆತೇನವಾ?"

ಕಸ್ತೂರಿ ಓಡಿ ಹೋಗಿ ಓಣಿಯಲ್ಲಿ ಬರುತ್ತಿದ್ದ ಅನ್ನದ ಗಾಡಿಯನ್ನು ತಡೆದಳು. ಯಮನೂರವ್ವ ಊಟದ ಡಬ್ಬಿಗಳನ್ನೆಲ್ಲ ಬೀದಿಗೆ ಇಳಿಸಿ, ಬಸಲಿಂಗವ್ವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಳು. ಗಂಟೆ ಬಾರಿಸುತ್ತಲೇ ಒಯ್ದಳು, ದಾರಿ ಬಿಡಲಿ ಎಂದು.

ಆಸ್ಪತ್ರೆಯಲ್ಲಿ ಅವಳ ಕೈ ನೋಡಿದೆ. ರೊಟ್ಟಿ ಬಡಿದು ಬಡಿದು ಹಲಗೆಯಂತಿದ್ದ ಕೈ, ಚರ್ಮ ಸಡಿಲವಾಗಿ ಯಾರದೋ ಕೈಗವಸು ಹಾಕಿಕೊಂಡಂತಿತ್ತು. ಒಪ್ಪತ್ತು ಎಂದರೆ ದಿನಕ್ಕೊಂದು ಹೊತ್ತು ಉಣ್ಣುವುದು. ಅವಳಿಗೆ ಆ ಒಂದು ಹೊತ್ತೂ ದಿನ ಬಿಟ್ಟು ದಿನ ಆಗಿತ್ತು, ಕೊನೆಕೊನೆಗೆ ನೀರು, ಹಿಡಿ ಶೇಂಗಾ.

"ಗಾಡಿ ಯಾಕ ತರಿಸಿಕೊಳ್ಳಲಿಲ್ಲ ಅವ್ವಾರ?" ಡಾಕ್ಟರ್ ಮಂಚದ ಅಂಚಿಗೆ ಕುಳಿತು ಕೇಳಿದರು.  "ಅದು ನಿಮ್ಮ ಹಕ್ಕಿತ್ತಲ್ಲ."

"ಹಕ್ಕ ಐತಿ ಖರೇ." ಬಸಲಿಂಗವ್ವ ಸಣ್ಣಗೆ ನಕ್ಕಳು. "ಆದ್ರ ಗಂಟಿ ನನ್ನ ಬಾಗಲಾಗ ಬಾರಿಸಿದ್ರ, ನನ್ನ ಕಡೆ ಉಂಡಾವ್ರೆಲ್ಲಾ ಕಿಡಕಿ ತಗದ ನೋಡ್ತಾರ. ಅವ್ರಿಗೆ ನಾಚಿಕಿ ಆಕ್ಕೈತಿ, ನನಗಲ್ಲ. ಅಷ್ಟ ಮಂದಿಗೆ ಯಾಕ ಆ ತ್ರಾಸ ಕೊಡ್ಲಿ?"

"ನಮ್ಮ ಕಡೆಯವ್ರು ಯಾರೂ ನೋಡಾಕ ಬರಲಿಲ್ಲೇನು?"

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಸ್ತೂರಿ ನನ್ನನ್ನು ನೋಡಿದಳು. ಬಸಲಿಂಗವ್ವನೂ ನೋಡಿದಳು, ಬಹಳ ಹೊತ್ತು.

"ಬರ್ತಿದ್ದನವಾ, ಫಕ್ಕೀರ. ದಿನಾ ಬರ್ತಿದ್ದ," ಎಂದಳು. "ನಾನ ಅವ್ನಿಗೆ ಸುಳ್ಳ ಹೇಳಿ ಕಳಸ್ತಿದ್ದೆ. ಅವ್ನ ತಪ್ಪಿಲ್ಲ." ಆಮೇಲೆ ನನ್ನ ಕಡೆ ಕೈಯೆತ್ತಿ, "ಫಕ್ಕೀರಾ, ಅಲ್ಯಾಕ ನಿಂತಿ? ಊಟ ಆತೇನಪಾ?" ಎಂದಳು.

"ಆತವ್ವಾ," ಎಂದೆ.

ಇಷ್ಟಾದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಅವಳ ಸುಳ್ಳು ಊರು ತುಂಬಿತು. "ದಿನಾ ಹೋಗಿ ನೋಡುತ್ತಿದ್ದ ಅಧಿಕಾರಿ" ಎಂದು ಪತ್ರಿಕೆಯಲ್ಲಿ ಬಂತು. ಓಣಿಯವರು ನನಗೆ ಸನ್ಮಾನ ಇಟ್ಟುಕೊಂಡರು, ನಮ್ಮ ಮನೆಯ ಕಟ್ಟೆಯ ಮೇಲೆಯೇ. ಬೇಡ ಎನ್ನಲು ಬಾಯಿ ತೆರೆದೆ, ಬಂದದ್ದು ಮಾತ್ರ ಬೇರೆ: "ಸಣ್ಣದಾಗಿ ಇಟ್ಟಕೊಳ್ರಿ."

ಹಸಿರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಡಾಕ್ಟರೂ ಬಂದಿದ್ದರು. ಕಸ್ತೂರಿ ಯಾರೊಂದಿಗೂ ಮಾತಾಡದೆ ಹೋಳಿಗೆ ಬಡಿಸಿದಳು. ನಾನು ಹದಿನೇಳು ತಿಂದೆ. ಸರಿ, ನಾಲ್ಕು. ತಿಂದು, ಎದ್ದು ನಿಂತು, ಬಾಗಿಲು ಒಡೆದದ್ದು ನಾನೇ, ಬಸಲಿಂಗವ್ವನನ್ನು ಹೆಗಲ ಮೇಲೆ ಹೊತ್ತು ಮೂರು ಮೈಲಿ ಓಡಿದ್ದು ನಾನೇ ಎಂದು ವರ್ಣಿಸುತ್ತಿದ್ದೆ. ಮುಂದೆ ಕುಳಿತ ಯಮನೂರವ್ವ ತನ್ನ ಗಾಡಿಯ ಚಕ್ರವನ್ನೇ ನೋಡುತ್ತಿದ್ದಳು, ಎರಡಾಗುತ್ತಿದ್ದಂತೆ ಎದ್ದು ಕೆಲಸಕ್ಕೆ ಹೋದಳು.

ಆಗ ಒಳಗಿನಿಂದ ಪೆಟ್ಟಿಗೆ ಕೇಳಿತು.

"ಊಟ ಆತೇನಪಾ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. "ಹೇಳೋ ಫಕ್ಕೀರಪ್ಪ, ಅವ್ವ ಕೇಳಾಕತ್ತಾಳ!" ಎಂದರು. ನಾನು ಹೊಟ್ಟೆ ಸವರಿಕೊಂಡು, ಎಲ್ಲರಿಗೂ ಕೇಳುವಂತೆ, ಉದ್ದವಾಗಿ ಎಳೆದು ಹೇಳಬೇಕೆಂದು ಬಾಯಿ ತೆರೆದೆ.

"ಆತು."

ಗಿಡ್ಡ ಬಂತು. ನನ್ನ ಕಿವಿಗೇ ಗೊತ್ತಾಯಿತು.

ಮಾತು ಮುಂದುವರಿಸಿದೆ, ಆದರೆ ಏನು ಹೇಳಿದೆನೋ ನೆನಪಿಲ್ಲ. ಹತ್ತು ನಿಮಿಷಕ್ಕೆ ಓಣಿಯ ತುದಿಯಲ್ಲಿ ಗಂಟೆ ಕೇಳಿತು. ಕಿಟಕಿಗಳು ತೆರೆದವು. ಗಂಟೆ ಹತ್ತಿರ ಬಂತು, ಇನ್ನೂ ಹತ್ತಿರ, ನಮ್ಮ ಕಟ್ಟೆಯ ಮುಂದೆ ನಿಂತಿತು. ಯಮನೂರವ್ವ ತಾಟು ಹಿಡಿದು ಇಳಿದಳು.

"ಫಕ್ಕೀರಪ್ಪ ಬೂದಿಹಾಳ. ಹಸಿವು," ಎಂದು ಚೀಟಿ ಓದಿದಳು. "ಎಲ್ಲಿ ಇಡ್ಲಿರಿ?"

ನಗೆಯೋ ನಗೆ. "ನಾಕ ಹೋಳಿಗಿ ಸಾಲಲಿಲ್ಲೇನೋ!" "ಪೆಟ್ಟಿಗಿ ಕೆಟ್ಟೈತಿ, ಒಯ್ಯವಾ ತಿರಗಿ!" ಯಮನೂರವ್ವ ಕದಲಲಿಲ್ಲ. "ಪೆಟ್ಟಿಗಿ ಸುಳ್ಳ ಹೇಳೂದಿಲ್ರಿ," ಎಂದಳು.

ಡಾಕ್ಟರ್ ರುಕ್ಸಾನಾ ಒಬ್ಬರೇ ನಗಲಿಲ್ಲ. ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಹೊಟ್ಟಿ ತುಂಬೈತಿ ಅಲ್ಲೇನು ಫಕ್ಕೀರಪ್ಪ?"

"ತುಂಬೈತ್ರಿ."

"ಹಂಗಾದ್ರ ಇನ್ನೊಂದು." ಶಾಲಿನ ಕಡೆ ನೋಡಿದರು. "ಎಷ್ಟ ಸಲ ಹೋಗಿದ್ರಿ ಆ ಅವ್ವನ ಮನೀಗೆ?"

ನಗೆ ನಿಂತಿತ್ತು. ಹೆಗಲ ಮೇಲಿನ ಶಾಲು ಜಾರಿತು, ಎತ್ತಿಕೊಳ್ಳಲು ಬಗ್ಗಿದವನಿಗೆ ಮತ್ತೆ ನೆಟ್ಟಗಾಗಲು ಆಗಲಿಲ್ಲ.

"ಒಂದ ಸಲಾನೂ ಇಲ್ರಿ," ಎಂದೆ.

ಈಗ ನಿಮಗೂ ಹೇಳಬೇಕು. ರಾಯಭಾರಿಗಳು ಯಾರೂ ಬಂದಿಲ್ಲ. ನಾನು ಯಂತ್ರದ ಜನಕನಲ್ಲ, ವಿಜ್ಞಾನಿಯೂ ಅಲ್ಲ. ಗಂಟಲು ಕೇಳೋಣ ಎಂದದ್ದು ಡಾಕ್ಟರೇ. ಕಚೇರಿಯಲ್ಲಿ ನನ್ನನ್ನು ಒಪ್ಪತ್ತಿನ ಗುಮಾಸ್ತ ಎನ್ನುತ್ತಿದ್ದರು, ಆ ಪಟ್ಟಿ ನೋಡಿಕೊಳ್ಳುವುದಷ್ಟೇ ನನ್ನ ಕೆಲಸವಾಗಿತ್ತು. ಡಾಕ್ಟರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆ ಗುಂಡಿಯನ್ನು ತೆಗೆಸಿದರು. ಗಾಡಿಯ ಗಂಟೆಯನ್ನೂ ತೆಗೆಸಿದರು. ಬಸಲಿಂಗವ್ವ ಈಗ ಎದ್ದು ಕೂರುತ್ತಾಳಂತೆ. ಕಸ್ತೂರಿ ದಿನಾ ಬುತ್ತಿ ಒಯ್ಯುತ್ತಾಳೆ, ಅವಳು ಉಣ್ಣುವ ತನಕ ಎದುರಿಗೆ ಕುಳಿತಿದ್ದು ಬರುತ್ತಾಳೆ. ನಾನು ಎಂಬತ್ತು ಹೆಜ್ಜೆಯಲ್ಲಿ ಎಪ್ಪತ್ತೆಂಟರ ತನಕ ಹೋಗಿದ್ದೇನೆ.

ಪೆಟ್ಟಿಗೆ ನಮ್ಮ ಮನೆಯಲ್ಲಿ ಈಗಲೂ ಅವಳ ಧ್ವನಿಯಲ್ಲೇ ಕೇಳುತ್ತದೆ. ನಾನು ಉಂಡು ಕೈತೊಳೆದೇ "ಆತು" ಎನ್ನುತ್ತೇನೆ. ಗಾಡಿ ಬರುತ್ತದೆ. ಒಂದು ಶಬ್ದ ಹೇಳಿದರೆ ನಿಲ್ಲುತ್ತದೆ, ಅದು ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಶಬ್ದ ಬಾಯಿಗೆ ಬರುತ್ತಿಲ್ಲ.

ಬೆರಳಿನ ಮಾತೊಂದು ಸುಳ್ಳಲ್ಲ. ಈ ಬಲಗೈ ತೋರುಬೆರಳಿನಿಂದಲೇ ನಾನು ಹಸಿವನ್ನು ಅಳಿಸಿದ್ದು. ಒಬ್ಬಳದು. ನಾಲ್ಕು ಸಲ.